ಡೆಲ್ಬರ್ಟ್ ಮರೆತ ಪಿಸ್ತೂಲು

ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ತಿರುಗುವವನಿಗೆ ಕಳ್ಳಕಾಕರಿಂದ ಅಪಾಯವಿದೆಯೋ ಇಲ್ಲವೋ, ಪಾಯಿಖಾನೆಯಿಂದ ಮಾತ್ರ ತಪ್ಪಿದ್ದಲ್ಲ. ಬೆಲ್ಟು ಬಿಚ್ಚಿದ ಕೂಡಲೇ ಪಿಸ್ತೂಲಿನ ಭಾರಕ್ಕೆ ಪ್ಯಾಂಟು ದಡಕ್ಕನೆ ನೆಲ ಸೇರುತ್ತದೆ. ಅದಕ್ಕೇ ಕೂರುವ ಮೊದಲು ಅದನ್ನು ಒರೆಯಿಂದ ತೆಗೆದು ಎಲ್ಲಾದರೂ ಇಡಬೇಕು. ಇಡಲು ಅಲ್ಲಿರುವ ಜಾಗ ಹಿಂದಿನ ನೀರಿನ ಟ್ಯಾಂಕಿನ ಬಿಳಿ ಮುಚ್ಚಳ ಒಂದೇ. ಟೆಕ್ಸಸ್ಸಿನ ಹ್ಯಾಚೆಟ್ ಕ್ರೀಕ್ ಎಂಬ ಸಣ್ಣ ಊರಿನ ಡೆಲ್ಬರ್ಟ್ ಪ್ರೂಯಿಟ್ ಹನ್ನೆರಡು ವರ್ಷದಿಂದ ಪಿಸ್ತೂಲು ಹೊತ್ತು ತಿರುಗಿದ್ದ. ಈ ಹನ್ನೆರಡು ವರ್ಷದಲ್ಲಿ ಅದು ಒರೆಯಿಂದ ಹೊರಗೆ ಬಂದದ್ದು ಈ ಒಂದು ಕೆಲಸಕ್ಕೆ ಮಾತ್ರ.

ಡೆಲ್ಬರ್ಟನಿಗೆ ರಸ್ತೆ ಇಲಾಖೆಯಲ್ಲಿ ಕೆಲಸ. ಹೋಗಿಬರುವವರು ಗುಂಡು ಹೊಡೆದು ಜರಡಿ ಮಾಡಿದ ಫಲಕಗಳನ್ನು ಕಿತ್ತು, ಹೊಸದನ್ನು ನೆಟ್ಟು, ಅದೂ ಜರಡಿಯಾಗುವವರೆಗೆ ಕಾಯುವುದು. ಐವತ್ತೆರಡು ವರ್ಷ ತುಂಬಿದರೂ ಊರಿನಲ್ಲಿ ಅವನನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅಂಥವನಿಗೆ ಈ ಭಾನುವಾರ ಅದೃಷ್ಟ ಖುಲಾಯಿಸಿತ್ತು. ಪ್ರಾರ್ಥನೆ ಮುಗಿದು ಊಟವಾದ ಮೇಲೆ ಚರ್ಚಿನ ಕಾವಲು ಪಡೆಯ ಮುಖ್ಯಸ್ಥನ ಬಿಲ್ಲೆ ಅವನ ಎದೆಗೆ ಬೀಳುವುದಿತ್ತು. ಹೆಂಡತಿ ನೋರ್ಲೀನ್ ಅಂಗಿಗೆ ಎರಡೆರಡು ಸಲ ಇಸ್ತ್ರಿ ಹಾಕಿದ್ದಳು. ತನ್ನ ಗಂಡನಿಗೂ ಒಂದು ಪದವಿ ಸಿಕ್ಕಿತೆಂದು ಅಕ್ಕನಿಗೆ ಫೋನು ಮಾಡಿ ಹೇಳಿದ್ದಳು.

ಹಳೆಯ ಮುಖ್ಯಸ್ಥ ಆರಿನ್ ಸ್ಟಬ್ಸ್, ಬಂದೂಕು, ದನದ ಮೇವು ಎರಡನ್ನೂ ಮಾರುವ ಅಂಗಡಿಯವನು. ಅವನ ಪದವಿ ಹೋದದ್ದೂ ಡೆಲ್ಬರ್ಟನ ದೆಸೆಯಿಂದಲೇ. ಮಾರ್ಚಿನಲ್ಲಿ ಆರಿನ್ ತನ್ನ ಪಿಸ್ತೂಲನ್ನು ಚರ್ಚಿನ ಪಾಯಿಖಾನೆಯಲ್ಲಿ ಮರೆತು ಬಂದಿದ್ದ. ಸಭೆ ಸೇರಿದಾಗ ಜೀವಮಾನದಲ್ಲೇ ಮೊದಲ ಬಾರಿಗೆ ಡೆಲ್ಬರ್ಟ್ ಎದ್ದು ನಿಂತು ಮಾತಾಡಿದ. ಮಾತಾಡಿದ್ದಷ್ಟೇ ಅಲ್ಲ, ತನ್ನ ಕೈಯಾರೆ ಒಂದು ನಿಯಮ ಬರೆದು ಗೋಡೆಗೆ ಅಂಟಿಸಿದ. ಪಿಸ್ತೂಲನ್ನು ಎಲ್ಲೆಂದರಲ್ಲಿ ಬಿಟ್ಟವನು, ಪಾದ್ರಿಯೇ ಆಗಿರಲಿ, ಒಂದು ವರ್ಷ ಚರ್ಚಿಗೆ ಪಿಸ್ತೂಲು ತರುವಂತಿಲ್ಲ. ಆ ವರ್ಷವೆಲ್ಲ, ಪ್ರಾರ್ಥನೆ ಮುಗಿಯುವವರೆಗೆ ತಾಯಂದಿರು ಮಕ್ಕಳನ್ನು ಬಿಟ್ಟುಹೋಗುವ ಕೂಸುಗಳ ಕೋಣೆಯಲ್ಲಿ ಕೂತು ಅವರನ್ನು ಆಡಿಸಬೇಕು. ಎರಡನೇ ಸಲ ಮರೆತರೆ ಮೂರು ವರ್ಷ. ‘ಪಾದ್ರಿಯೇ ಆಗಿರಲಿ’ ಎಂಬ ಮಾತು ಬೇಡವೆಂದು ನಾಲ್ಕು ಜನ ಹೇಳಿದರೂ ಡೆಲ್ಬರ್ಟ್ ಜಗ್ಗಿರಲಿಲ್ಲ. ಅಂದಿನಿಂದ ಆರಿನ್ ಪ್ರತಿ ಭಾನುವಾರ ಹೆಗಲ ಮೇಲೆ ಒಂದು ಕೂಸು ಹಾಕಿಕೊಂಡು, ಗಡ್ಡಕ್ಕೆ ಹಾಲು ಕಕ್ಕಿಸಿಕೊಂಡು ಓಡಾಡುತ್ತಿದ್ದ.

ಈ ಭಾನುವಾರ ಬೆಳಿಗ್ಗೆ ಡೆಲ್ಬರ್ಟನ ಹೊಟ್ಟೆ ಸರಿಯಿರಲಿಲ್ಲ. ಹಿಂದಿನ ದಿನ ತಿಂದ, ಚಿಲ್ಲಿ ಎಂಬ ಖಾರದ ಮಾಂಸದ ಗೊಜ್ಜು ಒಂದು ಕಡೆ, ಮಾಡಬೇಕಾದ ಧನ್ಯವಾದದ ಭಾಷಣ ಇನ್ನೊಂದು ಕಡೆ. ಮನೆಯಲ್ಲಿ ಒಮ್ಮೆ ಪಾಯಿಖಾನೆಗೆ ಹೋದ. ಹೊರಗೆ ಗಾಡಿಯಲ್ಲಿ ಕೂತ ನೋರ್ಲೀನ್ ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿದ್ದಳು.

“ಡೆಲ್ಬರ್ಟ್, ಬರ್ತೀಯೋ, ಇಲ್ಲ ನಿನ್ನ ಬಿಲ್ಲೇನ ನಾನೇ ಹೋಗಿ ಹಾಕಿಸ್ಕೊಂಡು ಬರ್ಲೋ?”

ಚರ್ಚು ತಲುಪಿ ಅಲ್ಲಿಯೂ ಒಮ್ಮೆ ಹೋದ. ‘ಸೋದರ ಸೋದರಿಯರೇ, ಈ ಭಾರ ನನ್ನ ಹೆಗಲಿಗೆ’ ಎಂದು ಬಾಯಿಪಾಠ ಮಾಡುತ್ತ ಕೂತವನಿಗೆ ಕೈ ಏನು ಮಾಡುತ್ತಿದೆ ಎಂಬ ಪರಿವೆ ಇರಲಿಲ್ಲ.

ಎರಡನೇ ಸ್ತುತಿಗೀತೆ ನಡೆಯುತ್ತಿದ್ದಾಗ ಬಾಗಿಲು ಕಾಯುವ ಮುದುಕ ವರ್ಡೆಲ್ ಕುಂಟುತ್ತ ವೇದಿಕೆ ಹತ್ತಿದ. ಕಾಗದದಲ್ಲಿ ಸುತ್ತಿದ ಏನನ್ನೋ ಪಾದ್ರಿ ಬ್ರದರ್ ಟಲ್ಲಿಯವರ ಕೈಗಿಟ್ಟು ಕಿವಿಯಲ್ಲಿ ಪಿಸುಗುಟ್ಟಿದ. ಬ್ರದರ್ ಟಲ್ಲಿ ಗಂಟಲು ಸರಿಮಾಡಿಕೊಂಡರು. ನೀರು ಕುಡಿದರು. ಮತ್ತೊಮ್ಮೆ ಕುಡಿದರು.

“ಗಂಡಸರ ಪಾಯಿಖಾನೇಲಿ ಯಾರೋ ಒಂದು ವಸ್ತು ಬಿಟ್ಟು ಬಂದಿದಾರಂತೆ. ಯಾವ ವಸ್ತು ಅಂತ ನಾನು ಹೇಳೋದಿಲ್ಲ.”

ಹೇಳುವ ಅಗತ್ಯವೂ ಇರಲಿಲ್ಲ. ಬೆಂಚುಗಳ ಮೇಲಿದ್ದ ಅಷ್ಟೂ ಗಂಡಸರ ಕೈ ಒಟ್ಟಿಗೇ ಸೊಂಟಕ್ಕೆ ಹೋಯಿತು. ಹೆಂಗಸರು ಟಪಟಪನೆ ಬ್ಯಾಗು ತೆಗೆದು ಇಣುಕಿದರು. ಆರ್ಗನ್ ನುಡಿಸುತ್ತಿದ್ದ ಎಂಬತ್ತರ ಅಜ್ಜಿ ವಾದ್ಯ ನಿಲ್ಲಿಸಿ, ಲಂಗ ಒಂದಿಷ್ಟು ಎತ್ತಿ, ಕಾಲಿಗೆ ಕಟ್ಟಿದ್ದನ್ನು ಮುಟ್ಟಿ ನೋಡಿ, ಮತ್ತೆ ನುಡಿಸತೊಡಗಿದಳು. ಎಲ್ಲರ ಮುಖದಲ್ಲೂ ಸದ್ಯ ಬದುಕಿದೆ ಎಂಬ ಭಾವ.

ಡೆಲ್ಬರ್ಟನ ಕೈಯೂ ಸೊಂಟಕ್ಕೆ ಹೋಗಿತ್ತು. ಒರೆ ಖಾಲಿಯಾಗಿತ್ತು.

ಬಿಳಿ ಟ್ಯಾಂಕು, ಅದರ ಮೇಲೆ ಕಪ್ಪು ಪಿಸ್ತೂಲು, ತಾನು ಇಟ್ಟದ್ದು ಕಣ್ಣಿಗೆ ಕಟ್ಟಿದಂತೆ ನೆನಪಿಗೆ ಬಂತು. ತೆಗೆದುಕೊಂಡದ್ದು ಮಾತ್ರ ಎಷ್ಟು ತಡಕಿದರೂ ನೆನಪಿಗೆ ಬರಲಿಲ್ಲ.

“ಪರವಾಗಿಲ್ಲ, ಯಾರಿಗೂ ನಾಚಿಕೆ ಬೇಡ,” ಎಂದು ಬ್ರದರ್ ಟಲ್ಲಿ ಮುಂದುವರಿಸಿದರು. “ನನ್ನ ಮೇಜಿನ ಖಾನೇಲಿ ಇಟ್ಟಿರ್ತೀನಿ. ಯಾರೂ ಇಲ್ಲದಾಗ ಬಂದು ತಗೊಂಡು ಹೋಗ್ಲಿ, ನಾನು ಹೆಸರು ಕೇಳೋದಿಲ್ಲ. ಯಾರೂ ಬರ್ದೇ ಇದ್ರೂ ಪರವಾಗಿಲ್ಲ.”

ಡೆಲ್ಬರ್ಟನಿಗೆ ಹೋದ ಜೀವ ಬಂದಂತಾಯಿತು. ಆದರೆ ಕೂಸುಗಳ ಕೋಣೆಯ ಬಾಗಿಲಿನಿಂದ ಆರಿನ್‌ನ ದನಿ ಕೇಳಿಸಿತು.

“ಅದು ಹೇಗಾಗುತ್ತೆ ಬ್ರದರ್? ನಿಯಮ ಅಂದ್ರೆ ನಿಯಮ. ಏಳು ತಿಂಗಳಿಂದ ನಾನು ಇಲ್ಲಿ ಹೇಲು ಬಳೀತಾ ಇಲ್ವಾ? ಊಟಕ್ಕೆ ಮುಂಚೆ ಎಲ್ರೂ ಒರೆ ತೋರಿಸ್ಲಿ. ತೋರಿಸಿದೋರಿಗೆ ತಟ್ಟೆ.”

ನ್ಯಾಯವಾದ ಮಾತು ಎಂದು ಎಲ್ಲರೂ ತಲೆದೂಗಿದರು. ಎಲ್ಲರಿಗಿಂತ ಜೋರಾಗಿ ನೋರ್ಲೀನ್ ತಲೆದೂಗಿದಳು. “ನನ್ನ ಗಂಡ ಬರೆದ ನಿಯಮ,” ಎಂದು ಪಕ್ಕದವಳಿಗೆ ಹೇಳಿದಳು.

ಕೊನೆಯ ಗೀತೆ ಮುಗಿಯುವುದಕ್ಕೂ ಕಾಯದೆ ಡೆಲ್ಬರ್ಟ್ ಕೆಮ್ಮುವವನಂತೆ ನಟಿಸುತ್ತ ಹೊರಬಿದ್ದ. ಪಾದ್ರಿಯ ಕೋಣೆಗೆ ಬೀಗ. ಊಟದ ಕೋಣೆಗೆ ನುಗ್ಗಿದ. ಉದ್ದನೆಯ ಮೇಜಿನ ಮೇಲೆ ಮನೆಮನೆಯಿಂದ ತಂದ ಪಾತ್ರೆಗಳು ಸಾಲಾಗಿದ್ದವು. ಒರೆ ಉಬ್ಬಿ ಕಂಡರೆ ಸಾಕು, ಯಾರು ಎಳೆದು ನೋಡುತ್ತಾರೆ ಎಂದು ಅವನ ಲೆಕ್ಕ. ಕೋಳಿಕಾಲು ಹಿಡಿದು ನೋಡಿದ, ಸಣ್ಣದಾಯಿತು. ಜೋಳದ ರೊಟ್ಟಿ ತುರುಕಿದ, ಪುಡಿಯಾಯಿತು. ಕೊನೆಗೆ ಬೇಯಿಸಿ ಬೆಣ್ಣೆ ಸವರಿದ ಮುಸುಕಿನ ಜೋಳದ ತೆನೆಯೊಂದು ಒರೆಗೆ ಹೇಳಿ ಮಾಡಿಸಿದಂತೆ ಕೂತಿತು. ಮೇಲೆ ಕೋಟು ಎಳೆದುಕೊಂಡ. ಬಿಸಿ ಸೊಂಟ ಸುಡುತ್ತಿತ್ತು. ಕಾವಲು ಪಡೆಯ ಭಾವೀ ಮುಖ್ಯಸ್ಥ ಹಲ್ಲುಕಚ್ಚಿಕೊಂಡು ಸಾಲಿನಲ್ಲಿ ನಿಂತ.

ಆರಿನ್ ಒಂದು ತೋಳಿನಲ್ಲಿ ಕೂಸು ಇಟ್ಟುಕೊಂಡು ಒಬ್ಬೊಬ್ಬರದೇ ಕೋಟು ಸರಿಸಿ ನೋಡುತ್ತ ಬಂದ.

“ನಿಂದು?”

“ಇದೆಯಲ್ಲ,” ಎಂದು ಡೆಲ್ಬರ್ಟ್ ಕೋಟನ್ನು ಅರೆಗಳಿಗೆ ಎತ್ತಿ ಬಿಟ್ಟ.

ಆರಿನ್ ಮುಂದೆ ಹೋಗುತ್ತಿದ್ದವನು ನಿಂತ. ನೆಲ ನೋಡಿದ. ಡೆಲ್ಬರ್ಟನ ಬೂಟು ನೋಡಿದ.

“ಡೆಲ್ಬರ್ಟ್, ನಿನ್ನ ಪಿಸ್ತೂಲು ಸೋರ್ತಾ ಇದೆ.”

“ಎಣ್ಣೆ. ಬೆಳಿಗ್ಗೆ ತಾನೇ ಎಣ್ಣೆ ಬಿಟ್ಟೆ.”

“ಬೆಣ್ಣೆ ವಾಸ್ನೆ ಬರ್ತಿದೆ ಕಣೋ.”

ವಾಸನೆ ಕೂಸಿಗೂ ತಾಗಿತ್ತು. ಅದು ಆರಿನ್‌ನ ತೋಳಿನಿಂದ ಬಾಗಿ, ಕೋಟಿನೊಳಗೆ ಕೈಹಾಕಿ, ತೆನೆಯನ್ನು ಎಳೆದು ಬಾಯಿಗಿಟ್ಟುಕೊಂಡಿತು.

ಇಡೀ ಕೋಣೆಯಲ್ಲಿ ಕೂಸು ಜೋಳ ಚೀಪುವ ಸದ್ದೊಂದೇ. ನೋರ್ಲೀನ್‌ಳ ಮುಖ ನೋಡಿದ ಡೆಲ್ಬರ್ಟನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ.

“ಅದು ನಂದು,” ಎಂದ. “ಟ್ಯಾಂಕಿನ ಮೇಲೆ ಬಿಟ್ಟೋನು ನಾನೇ.”

ಎಲ್ಲರಿಗಿಂತ ಹೆಚ್ಚು ಗಾಬರಿಯಾದವರು ಬ್ರದರ್ ಟಲ್ಲಿ. ಅವರ ಮುಖ ಸುಣ್ಣದಂತೆ ಬಿಳಿಚಿಕೊಂಡಿತು.

“ನಿಮ್ದಾ? ಇನ್ನೊಂದ್ಸಲ ಯೋಚ್ನೆ ಮಾಡಿ ಬ್ರದರ್ ಡೆಲ್ಬರ್ಟ್. ನಿಮ್ದು ಆಗಿರ್ಲಿಕ್ಕಿಲ್ಲ. ಖಂಡಿತ ನಿಮ್ದೇನಾ?”

ತನ್ನನ್ನು ಉಳಿಸಲು ಈ ದೇವರಂಥ ಮನುಷ್ಯ ಎಷ್ಟು ಒದ್ದಾಡುತ್ತಿದ್ದಾರೆ ಎಂದು ಡೆಲ್ಬರ್ಟನ ಕಣ್ಣು ತುಂಬಿತು. ಬಲಗೈ ಎತ್ತಿದ. “ದೇವರಾಣೆಗೂ ನಂದೇ,” ಎಂದ.

ಆರಿನ್ ಪಾದ್ರಿಯಿಂದ ಕೀಲಿಕೈ ತೆಗೆದುಕೊಂಡು ಹೋಗಿ ಪಿಸ್ತೂಲು ತಂದು, ಗುಂಡು ತೆಗೆದು ಡೆಲ್ಬರ್ಟನಿಗೆ ಕೊಟ್ಟ. ಅದರಲ್ಲಿ ಗುರುತು ಹಿಡಿಯುವಂಥದ್ದೇನೂ ಇರಲಿಲ್ಲ. ಆರಿನ್‌ನ ಅಂಗಡಿಯಲ್ಲಿ ಹನ್ನೆರಡು ವರ್ಷದ ಹಿಂದೆ ಅರ್ಧ ಬೆಲೆಗೆ ಮಾರಿದಾಗ ಊರಿಗೆ ಊರೇ ಕೊಂಡ ಮಾದರಿ ಅದು. ಬಿಲ್ಲೆ ಪೆಟ್ಟಿಗೆಯಲ್ಲೇ ಉಳಿಯಿತು. ಪಾದ್ರಿಯ ಹೆಂಡತಿ ಸಿಸ್ಟರ್ ಮಾಡೀನ್ ಒಬ್ಬರಿಗೆ ಮಾತ್ರ ಕನಿಕರ. ತಾವು ಮಾಡಿದ ಪೀಚ್ ಹಣ್ಣಿನ ಸಿಹಿಯನ್ನು ನೀಲಿ ಪಾತ್ರೆಯಲ್ಲಿ ತುಂಬಿ ನೋರ್ಲೀನ್‌ಳ ಕೈಗಿಟ್ಟು, “ಪಾತ್ರೆ ಸಂಜೆ ಪ್ರಾರ್ಥನೆಗೆ ಬರೋವಾಗ ತಂದ್ರಾಯ್ತು,” ಎಂದರು.

ನೋರ್ಲೀನ್ ಮನೆಗೆ ಬಂದವಳೇ ಮಲಗುವ ಕೋಣೆಯ ಬಾಗಿಲು ಹಾಕಿಕೊಂಡಳು. ಡೆಲ್ಬರ್ಟ್ ಮುಖ ತೊಳೆಯಲೆಂದು ಬಚ್ಚಲಿಗೆ ಹೋದ. ಬಿಳಿ ಟ್ಯಾಂಕಿನ ಮೇಲೆ ಅವನ ಪಿಸ್ತೂಲು ಕೂತಿತ್ತು.

ಕೋಟಿನ ಜೇಬು ಮುಟ್ಟಿಕೊಂಡ. ಅಲ್ಲಿಯೂ ಒಂದು ಇತ್ತು. ಅದನ್ನು ತೆಗೆದು ಇದರ ಪಕ್ಕದಲ್ಲಿಟ್ಟ. ಅಲ್ಲೇ ಕಮೋಡಿನ ಮುಚ್ಚಳ ಹಾಕಿ ಕೂತುಬಿಟ್ಟ. ಬೆಳಿಗ್ಗೆ ಕಣ್ಣಿಗೆ ಕಟ್ಟಿದ ಟ್ಯಾಂಕು ಚರ್ಚಿನದಲ್ಲ, ಮನೆಯದು. ಹಾಗಾದರೆ ದೇವರಾಣೆ ಮಾಡಿ ತಂದದ್ದು ಯಾರದು?

ಫೋನು ಬಡಿದುಕೊಂಡಿತು.

“ಬ್ರದರ್ ಡೆಲ್ಬರ್ಟ್, ನಾನು ಟಲ್ಲಿ. ಪಕ್ಕದಲ್ಲಿ ಯಾರಾದ್ರೂ ಇದಾರಾ?”

“ಇಲ್ಲ.”

“ಅದು ನಂದು.”

ಬ್ರದರ್ ಟಲ್ಲಿ ಅಳುವ ದನಿಯಲ್ಲಿ ಹೇಳುತ್ತಲೇ ಹೋದರು. “ವರ್ಡೆಲ್ ಅಷ್ಟು ಜನರ ಮುಂದೆ ತಂದು ಕೈಗಿಟ್ಬಿಟ್ಟ. ನಂದು ಅನ್ನೋಕೆ ಬಾಯಿ ಬರ್ಲಿಲ್ಲ. ಯಾರೂ ಬರೋದಿಲ್ಲ, ಸದ್ದಿಲ್ದೆ ನಾನೇ ತಗೊಂಡ್ರಾಯ್ತು ಅಂದ್ಕೊಂಡಿದ್ದೆ. ನೀವು ಬಂದು ನಿಂತ್ರಿ. ‘ಪಾದ್ರಿಯೇ ಆಗಿರಲಿ’ ಅಂತ ಬರ್ದಿದ್ದೂ ನೀವೇ. ನಾನು ಕೂಸು ಆಡಿಸ್ತಾ ಕೂತ್ರೆ ವೇದಿಕೆ ಹತ್ತಿ ಧರ್ಮಪ್ರಸಂಗ ಯಾರು ಮಾಡ್ತಾರೆ? ನನ್ನ ಕೆಲಸ ಹೋಗುತ್ತೆ ಬ್ರದರ್.”

ಡೆಲ್ಬರ್ಟನಿಗೆ ಒಳಗೊಳಗೇ ಕುದಿಯಿತು. ಆದರೆ ದೇವರಾಣೆ ಹಾಕಿ ಸುಳ್ಳು ಹೇಳಿದವನು ಯಾವ ಮುಖ ಹೊತ್ತು ಪಾದ್ರಿಯನ್ನು ದೂರುವುದು? ಇಬ್ಬರೂ ಒಂದೇ ಹಳ್ಳದಲ್ಲಿ ಬಿದ್ದಿದ್ದರು.

“ಮೂರು ತಿಂಗಳು ತಡ್ಕೊಳ್ಳಿ,” ಎಂದರು ಬ್ರದರ್ ಟಲ್ಲಿ. “ಕ್ರಿಸ್ಮಸ್ಸಿಗೆ ಕ್ಷಮೆಯ ಮೇಲೆ ಪ್ರಸಂಗ ಮಾಡಿ ಶಿಕ್ಷೆ ರದ್ದು ಮಾಡಿಸ್ತೀನಿ. ಬಿಲ್ಲೆ ನಿಮ್ದೇ. ನನ್ನ ಪಿಸ್ತೂಲನ್ನ ಮಾತ್ರ ಸಂಜೆ ಮಾಡೀನ್ ಪಾತ್ರೇಲಿಟ್ಟು, ಮುಚ್ಚಳ ಹಾಕಿ ತಂದ್ಬಿಡಿ. ಅಡುಗೆ ಮನೆ ಬಾಗಿಲಲ್ಲಿ ನಾನೇ ನಿಂತಿರ್ತೀನಿ.”

ಮುಳುಗುವವನಿಗೆ ಹುಲ್ಲುಕಡ್ಡಿ. ಡೆಲ್ಬರ್ಟ್ ಸಿಹಿಯನ್ನೆಲ್ಲ ಒಬ್ಬನೇ ತಿಂದು ಮುಗಿಸಿ, ಪಾತ್ರೆ ತೊಳೆದು ಒರೆಸಿ, ಬಟ್ಟೆ ಹಾಸಿ, ಅದರೊಳಗೆ ಪಾದ್ರಿಯ ಪಿಸ್ತೂಲು ಮಲಗಿಸಿ ಮುಚ್ಚಳ ಒತ್ತಿದ. ತನ್ನದನ್ನು ಟ್ಯಾಂಕಿನ ಮೇಲೆಯೇ ಬಿಟ್ಟ. ಹೇಗೂ ಇನ್ನು ಚರ್ಚಿಗೆ ಒಯ್ಯುವಂತಿಲ್ಲವಲ್ಲ.

ಸಂಜೆ ಬ್ರದರ್ ಟಲ್ಲಿ ಹೇಳಿದಂತೆಯೇ ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದರು. ಪಾತ್ರೆಗೆ ಎರಡೂ ಕೈ ಚಾಚಿದರು. ಅವರ ಕಂಕುಳ ಸಂದಿಯಿಂದ ಮೂರನೆಯ ಕೈಯೊಂದು ಬಂದು ಪಾತ್ರೆಯನ್ನು ಎತ್ತಿಕೊಂಡಿತು. ಸಿಸ್ಟರ್ ಮಾಡೀನ್.

“ಭಾರ ಇದೆಯಲ್ಲ,” ಎಂದರು ಸಂತೋಷದಿಂದ. “ನೋಡ್ರೇ, ಇಷ್ಟು ದುಃಖದಲ್ಲೂ ನೋರ್ಲೀನ್ ಪಾತ್ರೇನ ಖಾಲಿ ವಾಪಸ್ ಕಳಿಸಿಲ್ಲ. ಸಂಸ್ಕಾರ ಅಂದ್ರೆ ಇದು.”

“ನಾನೇನೂ ಮಾಡಿಲ್ವಲ್ಲ,” ಎಂದಳು ಹಿಂದಿದ್ದ ನೋರ್ಲೀನ್.

“ಅದನ್ನ ಆಮೇಲೆ ನೋಡೋಣ ಕಣೇ,” ಎಂದರು ಬ್ರದರ್ ಟಲ್ಲಿ ಹೆಂಡತಿಗೆ. ಅಷ್ಟರಲ್ಲಿ ಪಾತ್ರೆ ಮೇಜಿನ ಮೇಲಿತ್ತು. ಹೆಂಗಸರು ಚಮಚ ಹಿಡಿದು ಸುತ್ತ ನೆರೆದಿದ್ದರು. ಆರಿನ್ ಕೂಸಿನೊಂದಿಗೆ ಇಣುಕುತ್ತಿದ್ದ. ಮುಚ್ಚಳ ತೆರೆಯಿತು.

ಸಿಸ್ಟರ್ ಮಾಡೀನ್‌ರ ಕೈಯ ಚಮಚ ಪಿಸ್ತೂಲಿಗೆ ತಾಗಿ ಟಣ್ ಎಂದಿತು. ಡೆಲ್ಬರ್ಟ್ ಪಾದ್ರಿಯ ಮುಖ ನೋಡಿದ. ಪಾದ್ರಿ ಹೆಂಡತಿಯ ಮುಖ ನೋಡಿದರು, ಆರಿನ್‌ನ ಮುಖ ನೋಡಿದರು, ಕೊನೆಗೆ ನಿಟ್ಟುಸಿರು ಬಿಟ್ಟು ಡೆಲ್ಬರ್ಟನ ಹೆಗಲ ಮೇಲೆ ಕೈಯಿಟ್ಟರು.

“ಬ್ರದರ್ ಡೆಲ್ಬರ್ಟ್,” ಎಂದರು ಮೆಲ್ಲಗೆ, “ಮತ್ತೆ ಮರೆತ್ಬಿಟ್ರಾ?”

“ಇದು ನಂದಲ್ಲ,” ಎಂದ ಡೆಲ್ಬರ್ಟ್.

“ಬೆಳಿಗ್ಗೆ ಕೈ ಎತ್ತಿ ದೇವರಾಣೆ ಮಾಡಿದ್ಯಲ್ಲೋ,” ಎಂದ ಆರಿನ್.

“ಆಗ ಗೊತ್ತಿರ್ಲಿಲ್ಲ. ನಂದು ಮನೇಲಿದೆ. ಬೇಕಾದ್ರೆ ಈಗ್ಲೇ ಬಂದು ನೋಡು. ಟ್ಯಾಂಕಿನ ಮೇಲೇ ಬಿಟ್ಟು ಬಂದಿದೀನಿ.”

ಹೇಳಿದ ಮೇಲೆ ಅವನಿಗೆ ತಾನು ಹೇಳಿದ್ದೇನೆಂದು ಹೊಳೆಯಿತು. ನೋರ್ಲೀನ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಆರಿನ್ ಗೋಡೆಯ ಮೇಲಿನ ನಿಯಮದ ಹತ್ತಿರ ಹೋಗಿ ಡೆಲ್ಬರ್ಟನ ದುಂಡಗಿನ ಅಕ್ಷರಗಳನ್ನು ನಿಧಾನವಾಗಿ ಓದಿದ.

“ಎರಡನೇ ಸಲಕ್ಕೆ ಮೂರು ವರ್ಷ ಅಂತ ಬರ್ದಿದೀಯ. ಮೂರನೇ ಸಲಕ್ಕೆ ಏನೂ ಬರ್ದೇ ಇಲ್ವಲ್ಲೋ,” ಎಂದು ಹೇಳಿ, ಬಂದು ಕೂಸನ್ನು ಡೆಲ್ಬರ್ಟನ ತೋಳಿಗೆ ದಾಟಿಸಿದ.

ಕೂಸು ಅವನ ಸೊಂಟದ ಖಾಲಿ ಒರೆಯೊಳಗೆ ಕೈಹಾಕಿ, ಜೋಳಕ್ಕಾಗಿ ಹುಡುಕತೊಡಗಿತು.