ಇಪ್ಪತ್ತೆರಡು ಹಳದಿ ಮುಖಗಳು

ಆ ಶನಿವಾರ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಮೆಂತ್ಯದ ಸೊಪ್ಪು ಬಿಡಿಸಲು ಕೂತಿದ್ದೆ. ಮೆಂತ್ಯದ ಸೊಪ್ಪೆಂದರೆ ನನಗೆ ಬಹಳ ಇಷ್ಟ. ತಿನ್ನಲಿಕ್ಕಲ್ಲ, ಬಿಡಿಸಲಿಕ್ಕೆ. ಒಂದು ಕಟ್ಟು ಬಿಡಿಸಿದರೆ ಮುಕ್ಕಾಲು ಗಂಟೆ ಕಳೆಯುತ್ತದೆ. ಎಲೆಕ್ಟ್ರಾನಿಕ್ ಸಿಟಿಯ ಪಕ್ಕದ ಅಪಾರ್ಟ್‌ಮೆಂಟಿನ ಏಳನೇ ಮಹಡಿಯಲ್ಲಿ ಮುಕ್ಕಾಲು ಗಂಟೆ ತಾನಾಗಿ ಕಳೆಯಿತೆಂದರೆ ಅದು ಶಿವನ ಕೃಪೆಯೇ ಸರಿ.

ನಾವು ರಾಣೆಬೆನ್ನೂರು ಕಡೆಯವರು. ಇಲ್ಲಿಗೆ ಬಂದು ಮೂರು ವರ್ಷವಾಯಿತು. ನಮ್ಮನೆಯವರು ಅತ್ತಿಬೆಲೆಯ ಒಂದು ಕಾರ್ಖಾನೆಯಲ್ಲಿ ತಯಾರಾದ ನಲ್ಲಿಗಳು ಸೋರುತ್ತವೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುತ್ತಾರೆ. ಬೆಳಿಗ್ಗೆ ಏಳಕ್ಕೆ ಹೋದವರು ಸಂಜೆ ಏಳಕ್ಕೆ ಬರುತ್ತಾರೆ. ಬಂದ ಮೇಲೆ ನಮ್ಮನೆಯ ನಲ್ಲಿ ಸೋರಿದರೆ ಅದನ್ನು ನೋಡುವುದಿಲ್ಲ, ಅದು ಬೇರೆ ಮಾತು. ಮಗಳು ಧಾರವಾಡದ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ.

ನಮ್ಮ ಎದುರು ಮನೆ ಸಿ-703. ಅಲ್ಲಿ ರೂಪಾ ಎಂಬ ಹುಡುಗಿ ಒಬ್ಬಳೇ ಇದ್ದಾಳೆ, ಕಂಪನಿ ಕೆಲಸ. ನಮ್ಮಿಬ್ಬರ ಸ್ನೇಹವೆಲ್ಲ ಪಾರ್ಸೆಲ್ಲಿನ ಸ್ನೇಹ. ಅವಳಿಲ್ಲದಾಗ ಕೊರಿಯರ್‌ನವರು ನಮ್ಮ ಬೆಲ್ ಬಾರಿಸಿ, "ಮೇಡಂ, ಎದುರು ಮನೆಯವ್ರಿಲ್ಲ, ಇಟ್ಕೋತೀರಾ?" ಎನ್ನುತ್ತಾರೆ. ಇಟ್ಟುಕೊಳ್ಳುತ್ತೇನೆ. ಸಂಜೆ ಅವಳು ಕಿವಿಗೆ ಫೋನ್ ಹಚ್ಚಿಕೊಂಡೇ ಬಂದು, ಬಾಗಿಲ ಹೊರಗೆ ನಿಂತು, ಕಣ್ಣಿನಲ್ಲೇ ಥ್ಯಾಂಕ್ಸ್ ಹೇಳಿ ಒಯ್ಯುತ್ತಾಳೆ. ಮೂರು ವರ್ಷದಲ್ಲಿ ಅವಳ ಅಷ್ಟೂ ಪಾರ್ಸೆಲ್ಲುಗಳು ನಮ್ಮ ಮನೆಯೊಳಗೆ ಬಂದು ಹೋಗಿವೆ. ಅವಳು ಬಂದಿಲ್ಲ!

ಲಿಫ್ಟಿನಲ್ಲಿ ಸಿಗುವವರೂ ಅಷ್ಟೇ. ಒಮ್ಮೆ ಒಬ್ಬಾಕೆ ನನ್ನ ಮುಖ ನೋಡಿ ನಕ್ಕಳು. ನಾನು ಸಂತೋಷದಿಂದ ಮಾತಾಡಿಸಬೇಕೆನ್ನುವಷ್ಟರಲ್ಲಿ, "ಆಂಟಿ, ಹಣೇಲಿ ಏನೋ ಬಿಳೀದು ಅಂಟ್ಕೊಂಡಿದೆ" ಎಂದು ಟಿಶ್ಯೂ ಕಾಗದ ಕೊಟ್ಟಳು. ನನ್ನ ವಿಭೂತಿ! ಪಾಪ, ಒಳ್ಳೆಯ ಮನಸ್ಸಿನಿಂದ ಕೊಟ್ಟದ್ದು. ಆ ಕಾಗದವನ್ನು ಒಂದು ವಾರ ಪರ್ಸಿನಲ್ಲೇ ಇಟ್ಟುಕೊಂಡಿದ್ದೆ.

ನನ್ನ ಆಸೆ ದೊಡ್ಡದೇನಲ್ಲ. ಪಾರ್ಸೆಲ್ಲಿನ ಕೆಲಸವಿಲ್ಲದೆ ಒಬ್ಬರಾದರೂ ನಮ್ಮ ಬೆಲ್ ಬಾರಿಸಬೇಕು. ಒಳಗೆ ಬಂದು ಕೂತು ಒಂದು ಕಪ್ ಚಹಾ ಕುಡಿಯಬೇಕು. ಇಷ್ಟನ್ನು ನಾನು ದಿನಾ ಪೂಜೆಯ ಕೊನೆಗೆ ಶಿವನ ಕಿವಿಗೆ ಹಾಕುತ್ತಿದ್ದೆ.

ಅರ್ಧ ಕಟ್ಟು ಸೊಪ್ಪು ಬಿಡಿಸಿರಬೇಕು, ಫೋನ್ ಟಿಣ್ ಎಂದಿತು. ನಮ್ಮ ಅಪಾರ್ಟ್‌ಮೆಂಟಿನ ಹೆಂಗಸರ 'ಹಸಿರು ಬಳಗ'ದ ಗುಂಪಿನಲ್ಲಿ ಅಧ್ಯಕ್ಷೆ ಶೀಲಾ ಮೇಡಂ ಬರೆದಿದ್ದರು. ನಾಳೆಯ 'ಸಹಜ ಸೌಂದರ್ಯ' ಕಾರ್ಯಕ್ರಮಕ್ಕೆ ಬರಬೇಕಿದ್ದ ತಜ್ಞೆಗೆ ಜ್ವರ ಬಂದಿದೆ. ಕೆಮಿಕಲ್ ಇಲ್ಲದೆ ಮನೆಯಲ್ಲೇ ಮಾಡುವ ಮುಖಲೇಪ ಗೊತ್ತಿರುವವರು ನಮ್ಮಲ್ಲೇ ಯಾರಾದರೂ ಇದ್ದೀರಾ? ಹಾಲ್ ಬುಕ್ ಆಗಿದೆ, ಇಪ್ಪತ್ತೆರಡು ಜನ ಹೆಸರು ಕೊಟ್ಟಿದ್ದಾರೆ, ಇಪ್ಪತ್ತೆರಡು ಬಿಳಿ ಖಾದಿ ಟವೆಲ್ ಕೂಡ ಬಂದಿವೆ.

ಆ ಗುಂಪಿನಲ್ಲಿ ಅಲ್ಲಿಯವರೆಗೆ ನನ್ನ ಸೇವೆಯೆಂದರೆ ಸೋಮವಾರಕ್ಕೊಂದು ಈಶ್ವರನ ಚಿತ್ರ ಮತ್ತು ಶುಭೋದಯ. ಅದಕ್ಕೆ ಯಾರೂ ಕೈ ಮುಗಿದಿರಲಿಲ್ಲ. ಅಂಥ ನಾನು ಮೆಂತ್ಯದ ಕೈಯಲ್ಲೇ ಟೈಪ್ ಮಾಡಿದೆ: "ನನಗೆ ಗೊತ್ತು. ನಾನು ಮಾಡುತ್ತೇನೆ. ಸಿ-704."

ಹೆಸರು ಹಾಕುವುದು ಮರೆತೇ ಹೋಯಿತು. ಆದರೆ ಹೆಬ್ಬೆರಳುಗಳು ಬಂದವು ನೋಡಿ! ಹೆಬ್ಬೆರಳು, ಹೂವು, ಚಪ್ಪಾಳೆ. "ವಾವ್ ಸಿ-704!" ಎಂದು ಯಾರೋ ಬರೆದರು. ನಾನು ಸೊಪ್ಪನ್ನು ಅಲ್ಲಿಗೇ ಬಿಟ್ಟು ಎದ್ದೆ. ನಮ್ಮನೆಯವರಿಗೆ ಫೋನ್ ಮಾಡಿ ಸುದ್ದಿ ಹೇಳಿದೆ.

"ಸೌಂದರ್ಯನಾ? ನಿನಗೇನ ಗೊತ್ತದ ಅದರಾಗ?" ಎಂದರು.

"ಯಾಕ್ರೀ? ನಮ್ಮವ್ವ ಜನ್ಮದಾಗ ಸೋಪ್ ಮುಟ್ಟಿದಾಕಿ ಅಲ್ಲ. ಎಪ್ಪತ್ತರಾಗೂ ಮುಖ ಬೆಳ್ಳಿ ತಟ್ಟಿ ಇದ್ದಾಂಗ ಇತ್ತು."

"ಅದು ನಿಮ್ಮವ್ವಂದು," ಎಂದು ಫೋನ್ ಇಟ್ಟರು. ನಲ್ಲಿ ಪರೀಕ್ಷೆ ಮಾಡುವವರಿಗೆ ಎಲ್ಲ ಕಡೆಯೂ ಸೋರುವುದೇ ಕಾಣುತ್ತದೆ ಎಂದುಕೊಂಡೆ.

ನಮ್ಮವ್ವನ ಲೇಪ ಬಹಳ ಸುಲಭ. ಕಡಲೆ ಹಿಟ್ಟು, ಕೆನೆ ಮೊಸರು, ಕಸ್ತೂರಿ ಅರಿಶಿನ. ಅರಿಶಿನ ಚಿಟಿಕೆಯಷ್ಟು. ಹಿಟ್ಟಿತ್ತು, ಮೊಸರಿತ್ತು. ಕಸ್ತೂರಿ ಅರಿಶಿನ ಹುಡುಕಿಕೊಂಡು ನಾಲ್ಕು ಅಂಗಡಿ ತಿರುಗಿದೆ. ಮೂರು ಕಡೆ ಇರಲಿಲ್ಲ. ನಾಲ್ಕನೆಯವನು ಅದೇನೆಂದು ನನ್ನನ್ನೇ ಕೇಳಿದ.

ಮನೆಗೆ ಬಂದು ಡಬ್ಬಿ ತೆಗೆದೆ. ಊರಿಂದ ನಾದಿನಿ ಕಳಿಸಿದ, ಹೊಲದಲ್ಲಿ ಬೆಳೆದು ಗಿರಣಿಯಲ್ಲಿ ಬೀಸಿದ ಅಡುಗೆ ಅರಿಶಿನ ಭರ್ತಿ ಇತ್ತು. ಅದರ ಬಣ್ಣವೆಂದರೆ, ಒಂದು ಚೂರು ಉದುರಿದರೂ ಕಟ್ಟೆಯ ಮೇಲೆ ಹದಿನೈದು ದಿನ ಇರುತ್ತದೆ. ಹಚ್ಚಿಕೊಳ್ಳುವ ಅರಿಶಿನವೇ ಬೇರೆ, ಉಣ್ಣುವ ಅರಿಶಿನವೇ ಬೇರೆ ಎಂದು ಅವ್ವ ಹೇಳುತ್ತಿದ್ದದ್ದು ನೆನಪಿಗೆ ಬಂತು. ಬರಲಿಲ್ಲ ಎಂದು ಸುಳ್ಳು ಹೇಳಿದರೆ ಶಿವ ಮೆಚ್ಚುವುದಿಲ್ಲ. ಆದರೆ ನಾನು ಭಕ್ತಿಯ ದಾರಿಯಲ್ಲಿ ಯೋಚನೆ ಮಾಡಿದೆ. ಹಬ್ಬದಲ್ಲಿ ಗೌರಿಯ ಮುಖಕ್ಕೆ ಹಚ್ಚುವುದು ಇದೇ ಡಬ್ಬಿಯ ಅರಿಶಿನ. ಗೌರಮ್ಮನಿಗೆ ಆಗುವುದು ಸಿ ಬ್ಲಾಕಿನ ಹೆಂಗಸರಿಗೆ ಆಗುವುದಿಲ್ಲವೇ?

ಗೌರಮ್ಮ ಸೋಮವಾರ ಆಫೀಸಿಗೆ ಹೋಗುವುದಿಲ್ಲ ಎಂಬುದು ಹೊಳೆಯಲಿಲ್ಲ.

ಅಳತೆಯೂ ಹಾಗೆಯೇ. ಒಬ್ಬರಿಗೆ ಚಿಟಿಕೆಯಾದರೆ ಇಪ್ಪತ್ತೆರಡು ಜನಕ್ಕೆ ಎಷ್ಟು? ನಾನು ಹಬ್ಬದ ಅಡುಗೆಯ ಲೆಕ್ಕದಲ್ಲಿ ಹಿಡಿ ಹಿಡಿಯಾಗಿ ಹಾಕಿದೆ. ಕಡಿಮೆ ಬಿದ್ದು ಮರ್ಯಾದೆ ಹೋಗುವುದಕ್ಕಿಂತ ಹೆಚ್ಚಾಗಿ ಉಳಿಯುವುದು ಲೇಸು!

ಭಾನುವಾರ ಹತ್ತು ಗಂಟೆಗೆ ಕ್ಲಬ್ ಹೌಸಿನ ಹಾಲಿನಲ್ಲಿ ಇಪ್ಪತ್ತೆರಡು ಜನ ಸಾಲಾಗಿ ಕೂತಿದ್ದರು. ಮುಂದಿನ ಸಾಲಿನಲ್ಲೇ ರೂಪಾ. ಕಿವಿಯಲ್ಲಿ ಫೋನ್ ಇರಲಿಲ್ಲ. ಅವಳ ಕಿವಿಯನ್ನು ನಾನು ನೋಡಿದ್ದು ಅವತ್ತೇ ಮೊದಲು.

"ಆಂಟಿ, ನಾಳೆ ನಂಗೆ ದೊಡ್ಡ ವಿಡಿಯೋ ಮೀಟಿಂಗ್ ಇದೆ. ಗ್ಲೋ ಬರತ್ತಾ?" ಎಂದಳು.

"ಬರದೆ ಏನವ್ವ! ಎಲ್ಲರೂ ನಿನ್ನನ್ನೇ ನೋಡಬೇಕು ಹಂಗ ಬರ್ತದ," ಎಂದೆ. ಈ ಮಾತನ್ನು ಶಿವ ಅಕ್ಷರಶಃ ನಡೆಸಿಕೊಟ್ಟ.

ಎಲ್ಲರ ಮುಖಕ್ಕೂ ನನ್ನ ಕೈಯಾರೆ ಹಚ್ಚಿದೆ. ಮೂರು ವರ್ಷದಲ್ಲಿ ಅಷ್ಟು ಮುಖಗಳನ್ನು ಮುಟ್ಟಿದ್ದು ಬಿಡಿ, ನೆಟ್ಟಗೆ ನೋಡಿದ್ದೂ ಇಲ್ಲ. ಹಚ್ಚಿ ಮುಗಿಸಿ ತಜ್ಞೆಯ ಗತ್ತಿನಲ್ಲಿ ಹೇಳಿದೆ: "ಹತ್ತು ನಿಮಿಷ ಯಾರೂ ಬಾಯಿ ತೆರೆಯಬಾರದು. ತೆರೆದರೆ ಲೇಪ ಬಿರಿಯುತ್ತದೆ."

ಇಪ್ಪತ್ತೆರಡು ಜನ ಬಾಯಿ ಮುಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದರು. ಯಾರ ಕೈಯಲ್ಲೂ ಫೋನ್ ಇಲ್ಲ, ಎದ್ದು ಹೋಗುವಂತಿಲ್ಲ. ನಾನು ಮಾತು ಶುರು ಮಾಡಿದೆ.

ಮೊದಲು ಅವ್ವನ ವಿಷಯ ಹೇಳಿದೆ. ಅಂಟುವಾಳದ ಕಾಯಿ ಒಣಗಿಸುತ್ತಿದ್ದುದು, ಹಿತ್ತಲ ದಾಸವಾಳದ ಎಲೆ ಅರೆದು ತಲೆಗೆ ಹಚ್ಚುತ್ತಿದ್ದುದು, ಹಳೆಯ ಸೀರೆ ಕೌದಿಯಾಗಿ, ಕೌದಿ ನೆಲ ಒರೆಸುವ ಬಟ್ಟೆಯಾಗಿ, ಕೊನೆಗೆ ಒಲೆಯ ಬಿಸಿ ಪಾತ್ರೆ ಹಿಡಿಯುವ ಚಿಂದಿಯಾಗುತ್ತಿದ್ದುದು. ಆಮೇಲೆ ನನ್ನ ಬಾಲ್ಕನಿಯಲ್ಲಿ ಬಣ್ಣದ ಬಕೀಟಿನೊಳಗೆ ಬೆಳೆದ ಬಿಲ್ವದ ಗಿಡದ ವಿಷಯ. ಅದು ಹೊಸ ಚಿಗುರು ಬಿಟ್ಟ ದಿನ ಹೇಳಿಕೊಳ್ಳಲು ಯಾರೂ ಇಲ್ಲದೆ, ಎದುರಿನ ಮೇಲ್ಸೇತುವೆಯಲ್ಲಿ ಸಾಲಾಗಿ ಹೋಗುವ ಕಂಪನಿ ಬಸ್ಸುಗಳಿಗೆ ತೋರಿಸಿದ್ದನ್ನೂ ಹೇಳಿಬಿಟ್ಟೆ. ಯಾರೋ ಕಣ್ಣಿನಲ್ಲೇ ನಕ್ಕ ಹಾಗಾಯಿತು. ನನಗೆ ಇನ್ನಷ್ಟು ಹುರುಪು ಬಂತು. ಮಾತಿನಲ್ಲೇ ನಾದಿನಿಯ ಮದುವೆಗೆ ಹೋದೆ, ಮಗಳ ಬಾಣಂತನಕ್ಕೆ ಬಂದೆ, ಅಂದರೆ ಮಗಳು ಹುಟ್ಟಿದಾಗ ನನಗೆ ಆದ ಬಾಣಂತನ.

ಹಾಲಿನ ಕಸ ಗುಡಿಸಲು ಬಂದಿದ್ದ ಮುನಿಯಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಇದೇ ಊರಿನವಳು. ನಮ್ಮ ಅಪಾರ್ಟ್‌ಮೆಂಟ್ ನಿಂತಿರುವ ಜಾಗದಲ್ಲಿ ಅವರಪ್ಪ ರಾಗಿ ಬೆಳೆಯುತ್ತಿದ್ದನಂತೆ. ಕೊನೆಗೆ ಅವಳೇ ಹೇಳಿದಳು: "ಅಕ್ಕಾ, ಮಾತು ಚೆನ್ನಾಗೈತೆ. ಆದ್ರೆ ಒಂದ್ ಗಂಟೆ ಆಯ್ತಾ ಬಂತಲ್ಲಕ್ಕಾ, ತೊಳಿಯಾಕಿಲ್ವ?"

ಗಡಿಯಾರ ನೋಡಿದೆ. ಐವತ್ತೈದು ನಿಮಿಷ!

ಎಲ್ಲರೂ ಎದ್ದು ಓಡಿದರು. ತೊಳೆದರು, ಬಿಳಿ ಟವೆಲಿನಿಂದ ಒರೆಸಿಕೊಂಡರು, ಕನ್ನಡಿ ನೋಡಿದರು. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಈಗ ಲೇಪ ಇರಲಿಲ್ಲ, ಆದರೂ!

ಹಳದಿ. ಅಂತಿಂಥ ಹಳದಿಯಲ್ಲ, ಹೊಸ ಆಟೋದ ಟಾಪಿನ ಹಳದಿ. ಕಿವಿಯ ಹತ್ತಿರ ಗಡಿ ಹಾಕಿದ ಹಾಗೆ ನಿಂತಿತ್ತು.

"ಸಿ-704!" ಎಂದು ಶೀಲಾ ಮೇಡಂ ಕೂಗಿದರು. "ಏನ್ರೀ ಇದು?"

"ಗ್ಲೋ," ಎಂದು ಹಿಂದಿನಿಂದ ಯಾರೋ ಅಂದರು.

"ಗಾಬರಿ ಬೇಡ್ರೀ, ಗಾಬರಿ ಬೇಡ," ಎಂದು ನಾನೇ ಹೆಚ್ಚು ಗಾಬರಿಯಾಗಿ ಹೇಳಿದೆ. "ಎಂಥ ಕಲೆ ಇದ್ದರೂ ಅಡುಗೆ ಸೋಡ ತೆಗೀತದ. ಅದೂ ಕೆಮಿಕಲ್ ಅಲ್ಲ, ಬಜ್ಜಿಗೆ ಹಾಕೋದೇ!" ಕ್ಲಬ್ ಹೌಸಿನ ಅಡುಗೆಮನೆಯಿಂದ ಡಬ್ಬಿ ತಂದು ನೀರಿನಲ್ಲಿ ಕಲಸಿ ಕೊಟ್ಟೆ. ಎಲ್ಲರೂ ನಂಬಿ ತಿಕ್ಕಿಕೊಂಡರು. ಮುಳುಗುವವರು ಯಾವ ಹಗ್ಗವೆಂದು ನೋಡುವುದಿಲ್ಲ.

ಹಳದಿ ಹೋಯಿತು.

ಕೆಂಪು ಬಂತು!

ಇಪ್ಪತ್ತೆರಡು ಮುಖಗಳೂ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿದವು. ಮುನಿಯಮ್ಮ ಪೊರಕೆ ಬಿಟ್ಟು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ ಅಕ್ಕಾ! ಆರ್ತಿ ನೀರ್ಗೆ ಸುಣ್ಣ ಆಕ್ದಂಗೆ ಆಯ್ತಲ್ಲಾ! ಅರಿಸಿನಕ್ಕೆ ಸೋಡ ಆಕಿದ್ರೆ ಕೆಂಪಾಗ್ದೆ ಇನ್ನೇನಾಯ್ತದೆ?"

ಮದುವಣಗಿತ್ತಿ ಮನೆ ತುಂಬುವಾಗ, ಕೂಸನ್ನು ತೊಟ್ಟಿಲಿಗೆ ಹಾಕುವಾಗ, ನಾನು ಅದೆಷ್ಟು ಸಲ ಅರಿಶಿನದ ನೀರಿಗೆ ಸುಣ್ಣ ಕಲಸಿ ಕೆಂಪು ಆರತಿ ಮಾಡಿದ್ದೇನೋ ಲೆಕ್ಕವಿಲ್ಲ. ಹುಟ್ಟಿದಾರಭ್ಯ ಕಂಡ ವಿದ್ಯೆ ಬೇಕಾದ ಗಳಿಗೆಯಲ್ಲಿ ಕೈಕೊಟ್ಟಿತು. ಅಷ್ಟು ಆರತಿ ಎತ್ತಿದ ಕೈ, ಆವತ್ತು ಇಪ್ಪತ್ತೆರಡು ಹೆಂಗಸರನ್ನೇ ಆರತಿ ಮಾಡಿತ್ತು.

"ಉಳಿ ಆಕಕ್ಕಾ, ನಿಂಬೆಹುಳಿ," ಎಂದಳು ಮುನಿಯಮ್ಮ. ನಿಂಬೆಹಣ್ಣು ಹಿಂಡಿದೆವು. ಕೆಂಪು ಹೋಯಿತು.

ಹಳದಿ ವಾಪಸ್ ಬಂತು.

ಆಮೇಲೆ ಯಾರೂ ಏನನ್ನೂ ತಿಕ್ಕಿಕೊಳ್ಳಲು ಒಪ್ಪಲಿಲ್ಲ. ದುಪಟ್ಟಾ, ಕರ್ಚೀಫು, ಕೈಗೆ ಸಿಕ್ಕಿದ್ದನ್ನು ಮುಖಕ್ಕೆ ಮುಚ್ಚಿಕೊಂಡು ಚದುರಿದರು. ಶೀಲಾ ಮೇಡಂ ಅರಿಶಿನದ ಟವೆಲ್ಲುಗಳ ರಾಶಿಯನ್ನು ನನ್ನ ಕಡೆ ತಳ್ಳಿ, "ಇವನ್ನಾದ್ರೂ ಬಿಳಿ ಮಾಡ್ಕೊಡಿ" ಎಂದರು. ರೂಪಾ ನನ್ನ ಕಡೆ ತಿರುಗದೆ ಲಿಫ್ಟಿನತ್ತ ನಡೆದಳು. ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಟವೆಲ್ ಗಂಟು ಹೊತ್ತು ಮನೆಗೆ ಬಂದು ದೇವರ ಮುಂದೆ ಕೂತೆ. ಒಂದು ಚಹಾ ಕೇಳಿದ್ದೆನಪ್ಪಾ ಶಿವನೇ, ಇಪ್ಪತ್ತೆರಡು ಜನರ ಶಾಪ ಕೊಟ್ಟೆಯಲ್ಲ ಎಂದೆ. ಇನ್ನು ಈ ಬಾಗಿಲನ್ನು ಪಾರ್ಸೆಲ್ಲಿನವರೂ ತಟ್ಟುವುದಿಲ್ಲ.

ಸಂಜೆ ಓವರ್ ಟೈಮ್ ಮುಗಿಸಿ ಬಂದ ನಮ್ಮನೆಯವರು ಚಪ್ಪಲಿ ಬಿಡುತ್ತಲೇ ಕೇಳಿದರು: "ಇವತ್ತ ನಮ್ಮ ಅಪಾರ್ಟ್‌ಮೆಂಟಿನಾಗ ಎಷ್ಟ ಮದುವಿ ಅದಾವ? ಲಿಫ್ಟಿನಾಗ ಮೂರು ಮಂದಿ ಮದುಮಕ್ಕಳು ಬಂದ್ರು. ಒಬ್ಬಾಕಿಗೆ ಅರವತ್ತ ವಯಸ್ಸು!"

ನಾನು ಎಲ್ಲ ಹೇಳಿದೆ. ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ. ನನ್ನ ಅರಿಶಿನದ ಕೈಗಳನ್ನು ನೋಡಿ, "ಐವತ್ತೈದ ನಿಮಿಷ ಮಾತಾಡಿದ್ಯಾ?" ಎಂದರು. ಆಮೇಲೆ ಎದ್ದು ಹೋಗಿ, ಮೂರು ತಿಂಗಳಿಂದ ಸೋರುತ್ತಿದ್ದ ಅಡುಗೆಮನೆಯ ನಲ್ಲಿಯನ್ನು ಸುಮ್ಮನೆ ರಿಪೇರಿ ಮಾಡತೊಡಗಿದರು.

ಆಗ ಬೆಲ್ ಆಯಿತು.

ಬಾಗಿಲಲ್ಲಿ ರೂಪಾ. ಕೈ ಖಾಲಿ, ಕಿವಿ ಖಾಲಿ, ಮುಖ ಮಾತ್ರ ಭರ್ತಿ ಹಳದಿ. "ಆಂಟಿ, ಇಂಟರ್ನೆಟ್ಟಲ್ಲಿ ಕೊಬ್ರಿ ಎಣ್ಣೆ ಅಂತ ಇದೆ. ನನ್ ಹತ್ರ ಇಲ್ಲ. ನಿಮ್ಮತ್ರ ಇದ್ಯಾ?"

ಕೂರಿಸಿದೆ. ಎಣ್ಣೆ ಬೆಚ್ಚಗೆ ಮಾಡಿ ತಂದು, "ಈ ಸಲ ನಿಮಿಷ ಎಣಿಸಿಕೊಂಡೇ ಹಚ್ಚತೀನಿ," ಎಂದೆ. ಅವಳು ಕಣ್ಣು ಮುಚ್ಚಿಕೊಂಡೇ ನಕ್ಕಳು. ಹತ್ತಿ ಸುತ್ತಿ ಸುತ್ತಿ ಒರೆಸುತ್ತಾ ಹೋದಂತೆ ಹಳದಿ ಸ್ವಲ್ಪ ಸ್ವಲ್ಪವಾಗಿ ಇಳಿಯಿತು.

"ಆಂಟಿ, ಆ ಬಿಲ್ವದ ಗಿಡ ಎಲ್ಲಿ?" ಎಂದಳು.

ತೋರಿಸಿದೆ. ಚಹಾ ಮಾಡಿದೆ. ಪೂರ್ತಿ ಕುಡಿದಳು! ಹೊರಡುವಾಗ ಫೋನ್ ತೆಗೆದು, "ನಂಬರ್ ಹೇಳಿ. ನಿಮ್ಮ ಹೆಸರೇನು?" ಎಂದಳು. ಮೂರು ವರ್ಷದ ಮೇಲೆ ಕೇಳಿದ ಪ್ರಶ್ನೆ. "ಗಿರಿಜಾ," ಎಂದೆ, ಪರೀಕ್ಷೆಯಲ್ಲಿ ಉತ್ತರ ಹೇಳುವವಳ ಹಾಗೆ.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಮತ್ತೆ ಬೆಲ್ ಆಯಿತು. ಸೆರಗು ಸರಿ ಮಾಡಿಕೊಂಡು, ಚಹಾದ ನೀರು ಒಲೆಗಿಟ್ಟೇ ಓಡಿದೆ.

"ಮೇಡಂ, ಎದುರು ಮನೆಯವ್ರು ಬಾಗ್ಲು ತೆಗೀತಿಲ್ಲ. ಇಟ್ಕೋತೀರಾ?"

ಇಟ್ಟುಕೊಂಡೆ. ಪೆಟ್ಟಿಗೆಯ ಮೇಲೆ ಮುಖ ತೊಳೆಯುವ ಯಾವುದೋ ಕ್ರೀಮಿನ ಚಿತ್ರವಿತ್ತು. ಕೆಮಿಕಲ್ ಇರುವುದು, ದೊಡ್ಡ ಬಾಟಲಿ. ಅವಳ ಪಾಡಿಗೆ ಅವಳು ಮೀಟಿಂಗಿನಲ್ಲಿದ್ದಳು. ಅವಳ ಬಾಗಿಲಾಚೆ ದನಿ ಕೇಳುತ್ತಿತ್ತು.

ಚಹಾ ಒಬ್ಬಳೇ ಕುಡಿದೆ. ಶನಿವಾರ ಬಿಟ್ಟ ಅರ್ಧ ಕಟ್ಟು ಮೆಂತ್ಯ ಬಾಡಿ ಹೋಗಿತ್ತು. ಅದನ್ನು ಬಿಲ್ವದ ಬುಡಕ್ಕೆ ಹಾಕಿ, ನೆನೆ ಹಾಕಿದ್ದ ಟವೆಲ್ಲುಗಳನ್ನು ಹಿಂಡಿ ಬಾಲ್ಕನಿಯ ತಂತಿಯ ಮೇಲೆ ಒಂದೊಂದಾಗಿ ಹರವತೊಡಗಿದೆ. ಅರಿಶಿನದ ಕಲೆಗೆ ಬಿಸಿಲೇ ಮದ್ದು. ಈ ಮಾತು ಅವ್ವ ಹೇಳಿದ್ದು, ಈ ಸಲ ಸರಿಯಾಗಿ ನೆನಪಿಗೆ ಬಂತು, ಒಂದು ದಿನ ತಡವಾಗಿ.

ಮೇಲ್ಸೇತುವೆಯಲ್ಲಿ ಕಂಪನಿ ಬಸ್ಸುಗಳು ಸಾಲಾಗಿ ಹೋಗುತ್ತಿದ್ದವು. ಎಲ್ಲ ಹರವಿ ಮುಗಿದ ಮೇಲೆ ಅವುಗಳ ಕಿಟಕಿಯಿಂದ ನೋಡುವವರು ಈ ಏಳನೇ ಮಹಡಿಯ ಮನೆಯಲ್ಲಿ ಇಪ್ಪತ್ತೆರಡು ಜನ ಇದ್ದಾರೆಂದು ತಿಳಿದಾರು. ತಿಳಿಯಲಿ ಬಿಡಿ ಎಂದುಕೊಂಡು ಮುಂದಿನ ಟವೆಲ್ ಹಿಂಡಿದೆ. ಇನ್ನೂ ಹದಿನಾರು ಉಳಿದಿದ್ದವು.