ಮರೆಯದ ಕನ್ನಡಕ

"ಇನ್ನು ಮುಂದೆ ಈ ಮನೆಯ ಯಾವ ಕನ್ನಡಕವೂ ರಿಪೇರಿಗೆ ಅಂತ ಅಂಗಡಿ ಮೆಟ್ಟಿಲು ಹತ್ತೋದಿಲ್ಲ!" ಎಂದು ಪಂಡಿತರು ಮೇಜು ಗುದ್ದಿ ಘೋಷಿಸಿದರು. ಗುದ್ದಿದ ರಭಸಕ್ಕೆ ಉಪ್ಪಿನ ಡಬ್ಬಿ ಉರುಳಿತು.

ಪಂಡಿತರೆಂದರೆ ಶಾಸ್ತ್ರ ಓದಿದ ಪಂಡಿತರಲ್ಲ. ಪ್ರಯೋಗಾಲಯದಲ್ಲಿ ಪ್ಲಾಸ್ಟಿಕ್ಕಿಗೆ ಬುದ್ಧಿ ಕಲಿಸುವವರು. ಜೊತೆಯವರು ಇಟ್ಟ ಅಡ್ಡಹೆಸರು ಅದು. ಆ ಸಂಜೆ ಸೋಫಾದ ಮೇಲಿದ್ದ ಹೆಂಡತಿಯ ಕನ್ನಡಕದ ಮೇಲೆ ಅವರು ತಮ್ಮ ತೊಂಬತ್ತು ಕೇಜಿ ಪಾಂಡಿತ್ಯವನ್ನು ಊರಿದ್ದರು. ಪುಣ್ಯಕ್ಕೆ ಗಾಜು ಉಳಿಯಿತು, ಕಡ್ಡಿಗಳೆರಡೂ ಮುರಿದವು.

"ರೀ, ಶುಕ್ರವಾರ ನನ್ನ ಡ್ರೈವಿಂಗ್ ಟೆಸ್ಟು! ಆಗಲೇ ಎರಡು ಸಲ ಫೇಲಾಗಿದೀನಿ. ಅಂಗಡಿಗೆ ಕೊಟ್ರೆ ಹತ್ತು ನಿಮಿಷದ ಕೆಲಸ."

ಆಕೆ ಆಸ್ಪತ್ರೆಯಲ್ಲಿ ನರ್ಸ್. ಲೈಸೆನ್ಸ್ ಸಿಕ್ಕರೆ ಬೆಳಗಿನ ಪಾಳಿಗೆ ಎರಡೆರಡು ಬಸ್ಸು ಬದಲಿಸುವ ಪಾಡು ತಪ್ಪುತ್ತಿತ್ತು. ಈ ಸಲವೂ ಫೇಲಾದರೆ ಮತ್ತೆ ಮೂರು ತಿಂಗಳು ಕಾಯಬೇಕು.

"ಅಂಗಡಿಯವನದು ದಡ್ಡ ಪ್ಲಾಸ್ಟಿಕ್ಕು ಕಣೇ! ನಂದು ಹಾಗಲ್ಲ. ಒಂದು ಸಲ ಆಕಾರ ಕಲಿಸಿದ್ರೆ ಸಾಯೋತನಕ ಮರೆಯಲ್ಲ. ತಿರುಚು, ಬಗ್ಗಿಸು, ಮೇಲೆ ಕೂತ್ಕೋ! ಚೂರು ಬಿಸಿ ತಾಗಿದ್ರೆ ಸಾಕು, ಕಲಿತ ಆಕಾರಕ್ಕೆ ತಾನಾಗೇ ವಾಪಸ್ ಬರುತ್ತೆ."

"ಹಾಗಾದ್ರೆ ನಿಮಗಿಂತ ವಾಸಿ. ನಿಮಗೆ ಹಾಲು ತರೋದೂ ನೆನಪಿರಲ್ಲ."

ಮರುದಿನ ಪ್ರಯೋಗಾಲಯದಲ್ಲಿ ಕಡ್ಡಿಗೆ ಅಚ್ಚು ಬೇಕಾಯಿತು. ಹೆಂಡತಿಯ ಅಳತೆ ತಂದಿರಲಿಲ್ಲ. ಅದಕ್ಕೇನಂತೆ? ತಮ್ಮ ಮೂಗಿನ ಮೇಲೇ ಒಂದು ಕನ್ನಡಕವಿದೆಯಲ್ಲ! ಅದನ್ನೇ ಅಚ್ಚು ಮಾಡಿ, ಪ್ಲಾಸ್ಟಿಕ್ ಎರೆದು, ಒಲೆಯಲ್ಲಿ ಬೇಯಿಸಿ ಎರಡು ಕಡ್ಡಿ ತೆಗೆದರು. ಪಂಡಿತರ ತಲೆಯೋ ಒಳ್ಳೇ ಕುಂಬಳಕಾಯಿ. ಹೆಂಡತಿಯದು ಪುಟ್ಟ ಮುಖ. ಮನೆಗೆ ಬಂದು ಕಡ್ಡಿಗಳನ್ನು ಬಿಸಿನೀರಿನಲ್ಲಿ ಅದ್ದಿ, ಆಕೆಯ ಮುಖಕ್ಕೆ ತಕ್ಕಂತೆ ಒಳಕ್ಕೆ ಬಗ್ಗಿಸಿ, ತಣ್ಣೀರಿಗೆ ಹಾಕಿದರು. ಬಗ್ಗಿದ ಹಾಗೆಯೇ ಗಟ್ಟಿಯಾದವು.

ಕನ್ನಡಕ ಹೇಳಿ ಮಾಡಿಸಿದಂತೆ ಕೂತಿತು. "ಪರವಾಗಿಲ್ಲ ರೀ, ಕೈಯಲ್ಲಿ ವಿದ್ಯೆ ಇದೆ!" ಎಂದಳು ಆಕೆ. ಪಂಡಿತರು ಆ ರಾತ್ರಿ ಉಬ್ಬಿಕೊಂಡೇ ಮಲಗಿದರು.

ಶುಕ್ರವಾರ ಮಧ್ಯಾಹ್ನ ಟೆಸ್ಟಿನ ಮೈದಾನದಲ್ಲಿ ಉದ್ದನೆಯ ಸಾಲು. ಆಕೆ ಕನ್ನಡಕವನ್ನು ಕಾರಿನ ಮುಂದಿನ ಗಾಜಿನ ಕೆಳಗಿಟ್ಟು, ನೆರಳಲ್ಲಿ ಒಂದು ಗಂಟೆ ಕಾದಳು. ಬಿಸಿಲಲ್ಲಿ ನಿಂತ ಕಾರು ಕಾದ ಬಾಣಲೆಯಾಗಿತ್ತು. ಸರದಿ ಬಂತು. ಪರೀಕ್ಷಕರು ಪಕ್ಕದಲ್ಲಿ ಕೂತರು. ಆಕೆ ಕನ್ನಡಕ ಏರಿಸಿದಳು. ಅದು ಸರ್ರನೆ ಜಾರಿ ಗದ್ದಕ್ಕೆ ಬಂತು!

"ರೀ! ಏನಾಯ್ತು ಇದಕ್ಕೆ?"

ಬೇಲಿಯಾಚೆ ನಿಂತಿದ್ದ ಪಂಡಿತರು ಕತ್ತು ಚಾಚಿ ನೋಡಿ ಹಣೆ ಚಚ್ಚಿಕೊಂಡರು. "ಅದು... ನೆನಪಿಸ್ಕೊಂಡುಬಿಟ್ಟಿದೆ."

"ಏನನ್ನ?"

"ನನ್ನ ತಲೇನ."

"ತಲೆ ವಿಚಾರ ಆಮೇಲೆ ಮಾತಾಡ್ಕೊಳ್ಳಿ. ಗಾಡಿ ತೆಗೀರಮ್ಮಾ," ಎಂದರು ಪರೀಕ್ಷಕರು.

"ಸಾರ್, ಒಂದು ಚೊಂಬು ಬಿಸಿನೀರು, ಒಂದು ಚೊಂಬು ತಣ್ಣೀರು ಸಿಕ್ಕಿದ್ರೆ ಹತ್ತೇ ನಿಮಿಷದಲ್ಲಿ..." ಎಂದು ಪಂಡಿತರು ಬೇಲಿ ಹಿಡಿದು ಅಂಗಲಾಚಿದರು. ಹೆಂಡತಿ ಅತ್ತ ತಿರುಗಿಯೂ ನೋಡಲಿಲ್ಲ. ಜಡೆಯ ರಬ್ಬರ್ ಬ್ಯಾಂಡನ್ನು ಕಿತ್ತು, ತಲೆಯ ಹಿಂದಿನಿಂದ ಎರಡೂ ಕಡ್ಡಿಗೆ ಸಿಕ್ಕಿಸಿ, ಕೂದಲು ಕೆದರಿಕೊಂಡೇ ಗಾಡಿ ಹೊರಡಿಸಿದಳು. ಎಂಟರ ಆಕಾರದಲ್ಲಿ ತಿರುಗಿಸಿದಳು, ಏರಿನಲ್ಲಿ ನಿಲ್ಲಿಸಿ ಮತ್ತೆ ಮೇಲಕ್ಕೆ ಹತ್ತಿಸಿದಳು, ಕಂಬಗಳ ನಡುವೆ ಹಿಂದಕ್ಕೆ ತಂದಳು. ಪಂಡಿತರು ಉಸಿರು ಬಿಡುವಷ್ಟರಲ್ಲಿ ಪಾಸು!

ವಾಪಸಾಗುವಾಗ ಸ್ಟೀರಿಂಗ್ ಆಕೆಯ ಕೈಯಲ್ಲಿತ್ತು. ಪಂಡಿತರಿಗೆ ಸಂತೋಷವೂ ಆಗಿತ್ತು, ಮುಖ ಮುಚ್ಚಿಕೊಳ್ಳುವಂತೆಯೂ ಆಗಿತ್ತು.

"ಆದ್ರೂ ಪ್ಲಾಸ್ಟಿಕ್ಕಿನ ತಪ್ಪೇನಿಲ್ಲ ಕಣೇ. ಕಲಿಸಿದ್ದನ್ನ ಚಾಚೂ ತಪ್ಪದೆ ನೆನಪಿಟ್ಕೊಂಡಿದೆ."

"ಅದರ ತಪ್ಪು ಅಂತ ನಾನು ಹೇಳಿದ್ನಾ?" ಎನ್ನುತ್ತಾ ಆಕೆ ಕನ್ನಡಕದಂಗಡಿಯ ಮುಂದೆ ಗಾಡಿ ನಿಲ್ಲಿಸಿದಳು. ರಬ್ಬರ್ ಬ್ಯಾಂಡು ಬಿಚ್ಚಿ ಜಡೆಗೆ ಹಾಕಿಕೊಂಡು, ಕನ್ನಡಕವನ್ನು ಗಂಡನ ಕೈಗಿಟ್ಟಳು. "ಹತ್ತಿ ಮೆಟ್ಟಿಲು."

ಪಂಡಿತರು ತಲೆ ತಗ್ಗಿಸಿ ಹತ್ತಿದರು, ಹಿಂದೆಯೇ ಆಕೆಯೂ ಬಂದಳು. ಅಂಗಡಿಯವನು ಕನ್ನಡಕವನ್ನು ತಿರುಗಿಸಿ ಮುರುಗಿಸಿ ನೋಡಿ, ಪಂಡಿತರ ಸ್ವಂತ ಕನ್ನಡಕ ತೆಗೆಸಿ ಇದನ್ನು ಅವರ ಮುಖಕ್ಕೇ ಏರಿಸಿದ. ಎರಡು ಹೆಜ್ಜೆ ಹಿಂದೆ ಸರಿದು ಕಣ್ಣರಳಿಸಿದ.

"ನಿಮ್ಮ ತಲೆಗೆ ಅಳತೆ ತೆಗೆದು ಮಾಡಿದ ಹಾಗಿದೆಯಲ್ಲ ಸಾರ್! ಇದರಲ್ಲಿ ರಿಪೇರಿ ಮಾಡೋಕೆ ಏನಿದೆ?"

"ಕನ್ನಡಕಕ್ಕಲ್ಲಪ್ಪಾ," ಎಂದಳು ಆಕೆ, "ತಲೆಗೆ!"