ಕಾಕಾನ ಸಂಶೋಧನಾ ಮತ್ತ ಕಮಲಾಪುರದ ತ್ವಾಟ

ನಮ್ಮ ಕಾಕಾನಷ್ಟು ಓದಿ ಕೆಟ್ಟಾಂವ ಇಡೀ ಕಲಬುರಗಿಯೊಳಗ ಇನ್ನೊಬ್ಬ ಇದ್ರ ತೋರಸ್ರಿ, ನಾ ಶರಣಾಗ್ತೀನಿ! ಕಾಲೇಜಿನಾಗ ಕಾಮರ್ಸ್ ಮಾಸ್ತರ. ಪಿಎಚ್.ಡಿ. ವಿಷಯ ಏನಂತೀರಿ? ಕಂಪನಿ ಆಡಳಿತ! ಅವನ ಗೈಡು ರಿಟೈರ್ ಆಗಿ ಮೊಮ್ಮಕ್ಕಳ ಮದವಿ ಮಾಡಿದ್ರು. ಇಂವ ಇನ್ನೂ 'ಸಂಶೋಧನಾಕ್ಕ ಹೊಸ ದಿಕ್ಕು' ಹುಡಕಾಕತ್ತಿದ್ದ. ಊರಾಗಿನ ಐವಾನ್-ಎ-ಶಾಹಿ ಓಣಿಯಿಂದ ಮನಿಗೆ ಬರೂದ್ರಾಗ ದಾರಿ ತಪ್ಪಾಂವಗ ಯಾವ ದಿಕ್ಕು ಸಿಗಬೇಕ್ರಿ?

ಕಮಲಾಪುರಕ್ಕ ಕಾಕಾಗ ಹೆಣ್ಣು ನೋಡಾಕ ಹೋದ ಕತಿ ಕೇಳ್ರಿ. "ಮನಿ ಮಂದಿ ಹ್ಯಾಂಗೂ ಹೂಂ ಅಂತೀರಿ. ಸಂಬಂಧ ಇಲ್ಲದಾಂವ ಒಬ್ಬ ನೋಡಿ ಹೇಳಬೇಕು, ಕಂಪನಿಯೊಳಗೂ ಹಂಗ" ಅಂತ ಕಾಕಾ ನೆಹರು ಗಂಜಿನ ಕಾಳಿನ ಪ್ಯಾಟ್ಯಾಗಿನ ದಲಾಲಿಯೊಬ್ಬನ್ನ ಜೀಪಿನಾಗ ಹತ್ತಿಸಿಕೊಂಡ. ದಲಾಲಿ ಸುಸಲಾ ತಿಂದ, ಚಹಾ ಕುಡದ, ಹುಡುಗಿ ನೋಡಿದ, ಅಲ್ಲೇ ತನ್ನ ಮಗಗ ಗಟ್ಟಿ ಮಾಡಿಕೊಂಡ! ನಾವು ತಲಿ ತಲಿ ಬಡಕೊಂಡ್ರ ಕಾಕಾ ಖುಷಿಲೆ ಅಂತಾನ, "ಛಲೋ ಆತು! ನನ್ನ ಪಿಎಚ್.ಡಿ.ಗೆ ಹೊಸ ಅಧ್ಯಾಯ ಸಿಕ್ತು!"

ಎಂಥಾ ಹುಚ್ಚಪ್ಯಾಲಿ ನೋಡ್ರಿ!

ಗಂಜಿನಾಗ ನಮ್ಮದೊಂದು ಬೇಳೆ ಮಿಲ್ಲು, ಹೆಸರಿಗೆ ಕಂಪನಿ. ದೊಡ್ಡಪ್ಪ, ದೊಡ್ಡವ್ವ, ಕಾಕಾ, ಅಪ್ಪ ತೀರಿಕೊಂಡ ಮ್ಯಾಲೆ ನಮ್ಮವ್ವ, ಈ ನಾಕು ಮಂದಿ ಡೈರೆಕ್ಟರು. ಮೀಟಿಂಗ್ ಅಂದ್ರ ದೊಡ್ಡಪ್ಪ ಕಾಗದ ಹಿಡೀತಿದ್ದ, ಅವ್ವ ಅಡಗಿ ಮನಿ ಬಾಗಿಲದಾಗ ನಿಂತು, ಹಿಟ್ಟಿನ ಕೈ ಒರಸ್ಕೊಂಡು ಸಹಿ ಹಾಕ್ತಿದ್ಲು. ಪಿಎಚ್.ಡಿ.ಯೊಳಗ ಮುಂಬೈ ಕಂಪನಿಗಳಿಗೆ ಬುದ್ಧಿ ಹೇಳೋ ಪಂಡಿತ ಮಹಾಶಯ, ನಮ್ಮ ಕಾಕಾನೂ ಓದದನ ಸಹಿ ಹಾಕ್ತಿದ್ದ!

ಒಂದಿನ ದೊಡ್ಡಪ್ಪ ಹಂಗ ಒಂದು ಕಾಗದ ತಂದ. ಅವ್ವ ಪೆನ್ನು ಹಿಡದಳು. ಕಾಕಾ ಸುಮ್ಮನ ಕಣ್ಣು ಹಾಯಿಸಿದಾಂವ ಗಕ್ಕನ ಅಂದ, "ವೈನಿ, ತಡೀರಿ."

"ಏ ಹುಚ್ಚಾ, ನಿನ್ನ ಪಾಠ ಕಾಲೇಜಿನಾಗ ಇಟ್ಕೋ" ಅಂದ ದೊಡ್ಡಪ್ಪ.

ಕಾಕಾ ಜನ್ಮದಾಗ ಅಣ್ಣಗ ಎದುರು ಮಾತಾಡಿದಾಂವಲ್ಲ. ಆದ್ರೂ ಜೋರಲೆ ಓದಿದ. ಕಂಪನಿ ಹೆಸರಿನಾಗಿದ್ದ ಕಮಲಾಪುರದ ತ್ವಾಟ, ನಮ್ಮಪ್ಪ ಕೈಯಾರೆ ಕೆಂಪು ಬಾಳಿ ಹಚ್ಚಿದ್ದು, ಮಾರಾಟ! ಕೊಳ್ಳಾಂವ ಯಾರು? ದೊಡ್ಡವ್ವನ ಖಾಸಾ ತಮ್ಮ!

"ಅಣ್ಣಾ, ಇದರಾಗ ನಿಮ್ಮ ಗಂಡ-ಹೆಂಡ್ತಿ ಲಾಭ ಐತಿ. ಕಂಪನಿ ಆಡಳಿತದ ಪ್ರಕಾರ ನೀವು ಹೂಂ ಅನ್ನಾಂಗಿಲ್ಲ, ಊಹೂಂನೂ ಅನ್ನಾಂಗಿಲ್ಲ" ಅಂದ ಕಾಕಾ. ಒಳಗ ಹೋಗಿ ಅಪ್ಪನ ಕುರ್ಚಿ ತಂದು, ತನ್ನ ಹೆಗಲ ಮ್ಯಾಲಿನ ಟಾವೆಲಿಲೆ ಒರಸಿ, ಪಡಸಾಲಿ ನಡಕ್ಕ ಇಟ್ಟ. "ವೈನಿ, ಕೂಡ್ರಿ. ಉಳದಾವ್ರು ನಾವಿಬ್ಬರು. ನೀವೇನಂತೀರಿ?"

ಅಪ್ಪ ಹೋದ ಮ್ಯಾಲೆ ಆ ಮನ್ಯಾಗ ಅವ್ವನ ಯಾರೂ ಏನೂ ಕೇಳಿರಲಿಲ್ಲ. ಎದ್ದು ಹೋಗಿ ಕಾಕಾನ ಅಪ್ಪಿಕೊಳ್ಳಬೇಕನಿಸ್ತು ನನಗ.

ಅವ್ವ ಕೂತಳು. ಸೆರಗಿಲೆ ಕಣ್ಣೊರಸ್ಕೊಂಡು, ದೊಡ್ಡಪ್ಪನ ಮಾರಿ ನೋಡೇ ಅಂದಳು, "ತ್ವಾಟ ಮಾರೂದು ಬ್ಯಾಡ್ರಿ."